ಸಾಯುತ್ತ ಹಾಡುವ ಕರ್ಣ, ಸತ್ತಂತೆ ಬಿದ್ದ ಹುಳು

ಮಂಡ್ಯ ಸೀಮೆಯಲ್ಲಿ ಕುರುಕ್ಷೇತ್ರ ನಾಟಕ ಆಡದ ಊರನ್ನು ಹುಡುಕಬೇಕು. ಹಗಲೆಲ್ಲ ಕಬ್ಬು ಕಡಿದವರು, ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ಬೆಂದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಎದುರು ಕೂತು ತಿಂಗಳುಗಟ್ಟಲೆ ಪದ್ಯ ಕಲಿಯುತ್ತಾರೆ. ಪಾತ್ರಕ್ಕೆ ಇಂತಿಷ್ಟು ಎಂದು ತಾವೇ ಹಣ ಕಟ್ಟುತ್ತಾರೆ. ನಮ್ಮ ಚಿಕ್ಕಪ್ಪ ಕರ್ಣನ ಪಾತ್ರಕ್ಕೆ ಹಣ ಕಟ್ಟುತ್ತಿದ್ದವರು. ಅವರ ಕರ್ಣ ಸಾಯುವುದನ್ನು ನಾನು ಏಳೆಂಟು ಸಲ ನೋಡಿದ್ದೇನೆ. ಎದೆಗೆ ಬಾಣ ನಾಟಿದ ಮೇಲೆ ಒಂದು ಕೈಯನ್ನು ರಥದ ಚಕ್ರಕ್ಕೆ ಊರಿ, ಇನ್ನೊಂದನ್ನು ಜನರ ಕಡೆ ಚಾಚಿ, ಏರು ಶ್ರುತಿಯಲ್ಲಿ ಒಂದು ಹಾಡು. ಹಾಡು ಮುಗಿದು ಕತ್ತು ವಾಲುತ್ತಿದ್ದಂತೆ ಹಿಂದಿನಿಂದ ‘ಒನ್ಸ್ ಮೋರ್’ ಎಂಬ ಕೂಗು. ಕರ್ಣ ಕಣ್ಣು ಬಿಟ್ಟು, ಕಿರೀಟ ಸರಿಪಡಿಸಿಕೊಂಡು, ಮೊದಲಿನಿಂದ ಹಾಡಿ ಮತ್ತೆ ಸಾಯುತ್ತಿದ್ದ. ನನ್ನ ಪಕ್ಕದಲ್ಲಿ ಕೂತ ಅಜ್ಜಿ ಎರಡನೆಯ ಸಾವಿಗೂ ಅಷ್ಟೇ ಅಳುತ್ತಿದ್ದಳು.

ಹತ್ತು ಹನ್ನೊಂದರ ವಯಸ್ಸಿನಲ್ಲಿ ಒಮ್ಮೆ ಕೇಳಿದ್ದೆ: “ಸಾಯುವವರು ಹೀಗೆ ಹಾಡುತ್ತಾರೆಯೇ ಚಿಕ್ಕಪ್ಪ?” ಕೊಬ್ಬರಿ ಎಣ್ಣೆಯಲ್ಲಿ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದ ಅವರು ಹುಡುಗನ ಪ್ರಶ್ನೆ ಎಂದು ತಳ್ಳಿಹಾಕಲಿಲ್ಲ. “ನಿಜವಾದ ಸಾವನ್ನು ಎಲ್ಲರೂ ಅವರವರ ಮನೆಯಲ್ಲಿ ನೋಡಿರುತ್ತಾರೆ ಕಣಪ್ಪ. ಅದನ್ನೇ ನೋಡಲು ಯಾರು ಕಂಬಳಿ ಹೊದ್ದು ಬೆಳಗಿನವರೆಗೆ ಕೂರುತ್ತಾರೆ?”

ಪ್ರಾಣಿಗಳು ಹಾಕುವ ಸೋಗಿನ ಬಗ್ಗೆ ಓದುವಾಗೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಚಾರ್ಲ್ಸ್ ಡಾರ್ವಿನ್ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಹುಳುಗಳಿಗೆ ಕೇಳಿದ್ದ. ಅನೇಕ ಕೀಟಗಳು ಮುಟ್ಟಿದೊಡನೆ ಸತ್ತಂತೆ ಬಿದ್ದುಬಿಡುತ್ತವೆ. ಆದರೆ ಅವು ನಿಜಕ್ಕೂ ಸತ್ತಾಗ ಹಾಗೆಯೇ ಕಾಣುತ್ತವೆಯೇ? ಜೇಡ, ಸಹಸ್ರಪದಿಗಳೂ ಸೇರಿದಂತೆ 17 ಬಗೆಯ ಜೀವಿಗಳು ಸತ್ತಂತೆ ನಟಿಸುವಾಗಿನ ಭಂಗಿಯನ್ನು ಆತ ಗುರುತು ಮಾಡಿಕೊಂಡ. ತಾವಾಗಿ ಸತ್ತವುಗಳನ್ನೂ ಕರ್ಪೂರದಿಂದ ಮೆಲ್ಲಗೆ ಕೊಂದವುಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಿದ. ಒಂದರಲ್ಲಾದರೂ ಎರಡು ಭಂಗಿಗಳು ತದ್ರೂಪವಾಗಿರಲಿಲ್ಲ. ಕೆಲವದರಲ್ಲಂತೂ ಅಜಗಜಾಂತರ. ಡಾರ್ವಿನ್ ತೀರಿಕೊಂಡ ಮರುವರ್ಷ, 1883ರಲ್ಲಿ, ಈ ಟಿಪ್ಪಣಿ ಅಚ್ಚಾಯಿತು. ಸತ್ತಂತೆ ಬೀಳುವ ಹುಳುವಿಗೆ ಸಾವು ಹೇಗಿರುತ್ತದೆಂಬುದೇ ತಿಳಿದಿಲ್ಲ. ಹಾಗಿದ್ದರೆ ಅದು ನಟಿಸುತ್ತಿರುವುದು ಏನನ್ನು, ಯಾರಿಗಾಗಿ?

ಇದನ್ನು ನೋಡಲು ಕಾಡಿಗೆ ಹೋಗಬೇಕಾಗಿಲ್ಲ. ಮಳೆಗಾಲದಲ್ಲಿ ಹಿಟ್ಟಿನ ಡಬ್ಬಿ ಬಹಳ ದಿನ ಮುಚ್ಚಿಟ್ಟರೆ ಕೆಂಗಂದು ಬಣ್ಣದ, ಮೂರು ನಾಲ್ಕು ಮಿಲಿಮೀಟರ್ ಉದ್ದದ ಹುಳುಗಳು ಕಾಣಿಸಿಕೊಳ್ಳುತ್ತವಲ್ಲ, ಅವೇ ಸಾಕು. ಮೈಸೂರಿನ ನಮ್ಮ ಅಡುಗೆಮನೆಯಲ್ಲಿ ಜರಡಿ ಹಿಡಿದಾಗ ಸಿಕ್ಕ ಒಂದನ್ನು ಹಳೆಯ ದಿನಪತ್ರಿಕೆಯ ಮೇಲೆ ಬಿಟ್ಟು, ಕಡ್ಡಿಯ ತುದಿಯಿಂದ ಹೊಟ್ಟೆಯನ್ನು ಮುಟ್ಟಿದೆ. ಆರೂ ಕಾಲುಗಳು ಒಟ್ಟಿಗೆ ಒಳಕ್ಕೆ ಮಡಚಿಕೊಂಡವು. ಹುಳು ಸಣ್ಣ ಬೀಜದಂತಾಯಿತು. ಉಸಿರು ಬಿಗಿಹಿಡಿದು ಕಾದೆ. ಎಷ್ಟೋ ಹೊತ್ತಿನ ಮೇಲೆ ಒಂದು ಮೀಸೆ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಆಮೇಲೆ ಒಂದು ಕಾಲು. ಆಮೇಲೆ ಎಲ್ಲವೂ ಒಮ್ಮೆಲೇ ಚಾಚಿಕೊಂಡು ಹುಳು ಕಾಗದದ ಅಂಚಿಗೆ ಓಡಿತು.

ಜಪಾನಿನ ತಕಾಹಿಸಾ ಮಿಯಾತಾಕೆ ಮತ್ತು ಸಂಗಡಿಗರು ಇದೇ ಜಾತಿಯ ಹುಳುವನ್ನು ಹತ್ತು ತಲೆಮಾರು ಸಾಕಿದರು. ಬಹಳ ಹೊತ್ತು ಅಲುಗದೆ ಬೀಳುವವುಗಳದ್ದು ಒಂದು ವಂಶ, ಬೇಗ ಏಳುವವುಗಳದ್ದು ಇನ್ನೊಂದು. ಎರಡನ್ನೂ ಜಿಗಿಯುವ ಜೇಡದ ಮುಂದೆ ಬಿಟ್ಟಾಗ ಹೆಚ್ಚು ಬದುಕಿದ್ದು ಹೆಚ್ಚು ಹೊತ್ತು ಬಿದ್ದಿದ್ದ ವಂಶ. 2004ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಜೇಡ. ಜಿಗಿಯುವ ಜೇಡಕ್ಕೆ ಅಲುಗಾಟವೇ ಊಟದ ಕರೆ. ಅಲುಗದ್ದು ಅದರ ಗಮನದಿಂದ ಜಾರಿಹೋಗುತ್ತದೆ. ಹುಳು ಹೆಣದ ಹಾಗೆ ಕಾಣಬೇಕೆಂದಿಲ್ಲ. ಆ ಜೇಡದ ಕಣ್ಣಿಗೆ ಊಟದ ಹಾಗೆ ಕಾಣದಿದ್ದರೆ ಸಾಕು. ಪಕ್ಕದಲ್ಲಿ ಓಡಾಡುವ ಇನ್ನೊಂದು ಹುಳು ಇದ್ದರಂತೂ ಬಿದ್ದದ್ದಕ್ಕೆ ಬದುಕುವ ಅವಕಾಶ ಇನ್ನೂ ಹೆಚ್ಚು ಎಂದು ಅದೇ ತಂಡ 2009ರಲ್ಲಿ ತೋರಿಸಿತು. ನೆರೆಯವನ ಪ್ರಾಣದ ಮೇಲೆ ಇದರ ಉಳಿವು. ಓದಿದಾಗ ಮನಸ್ಸಿಗೆ ಕಷ್ಟವಾಗಿತ್ತು.

ನೋಡುವವರು ಬದಲಾದರೆ ಆಟವೂ ಬದಲಾಗುತ್ತದೆ. ಅಮೆರಿಕದಲ್ಲಿ 1970ರ ದಶಕದಲ್ಲಿ 50 ಬಾತುಗಳನ್ನು ಕೆಂಪು ನರಿಗಳ ಮುಂದೆ ಬಿಟ್ಟು ನೋಡಿದರು. ಬಾಯಿಗೆ ಸಿಕ್ಕ ಬಾತುಗಳು ಒಡನೆಯೇ ಸೆಟೆದುಕೊಂಡವು. 29 ಬಾತುಗಳು ಮೊದಲ ಹಿಡಿತದಿಂದ ಜೀವ ಉಳಿಸಿಕೊಂಡವು. ಅನುಭವವಿದ್ದ ನರಿಗಳು ಮಾತ್ರ ಸೆಟೆದ ಬಾತನ್ನು ನಂಬಿ ಸುಮ್ಮನಿರಲಿಲ್ಲ, ಹಿಡಿದೊಡನೆ ಕಚ್ಚಿ ಕೊಲ್ಲುವುದನ್ನು ಕಲಿತಿದ್ದವು.

ಈ ಸೂಕ್ಷ್ಮವನ್ನು ನಮ್ಮ ಕತೆಗಾರರು ಚೆನ್ನಾಗಿ ಅರಿತಿದ್ದರು. ಹಿತೋಪದೇಶದಲ್ಲಿ ಬಲೆಗೆ ಬಿದ್ದ ಜಿಂಕೆಗೆ ಗೆಳೆಯ ಕಾಗೆ ಹೇಳಿಕೊಡುವುದನ್ನು ನೆನೆಯಿರಿ. ಹೊಟ್ಟೆಗೆ ಗಾಳಿ ತುಂಬಿಕೊ, ಕಾಲು ಸೆಟೆಸಿಕೊ, ಅಲುಗಬೇಡ ಎಂದಷ್ಟೇ ಹೇಳಿ ಅದು ಸುಮ್ಮನಾಗುವುದಿಲ್ಲ. ತಾನು ಜಿಂಕೆಯ ಕಣ್ಣು ಕುಕ್ಕುವಂತೆ ಕೂರುತ್ತೇನೆ ಎನ್ನುತ್ತದೆ. ಹೊಲದ ಒಡೆಯ ದೂರದಿಂದ ಬರುವಾಗ ಜಿಂಕೆಗೆ ಉಸಿರಿದೆಯೇ ಎಂದು ನೋಡುವುದಿಲ್ಲ. ಕಾಗೆ ಧೈರ್ಯವಾಗಿ ಕಣ್ಣಿಗೆ ಕೊಕ್ಕು ಹಾಕುತ್ತಿದೆ ಎಂಬುದನ್ನು ನೋಡುತ್ತಾನೆ, ಬಲೆ ಬಿಚ್ಚುತ್ತಾನೆ. ಜಿಂಕೆಯ ನಟನೆಗಿಂತ ಕಾಗೆಯ ನಟನೆ ದೊಡ್ಡದು ಎಂದು ನಾನು ತಿಳಿದಿದ್ದೇನೆ. ರೈತನ ಕಣ್ಣು ಯಾವುದನ್ನು ಸಾಕ್ಷಿ ಎಂದು ಒಪ್ಪುತ್ತದೆ ಎಂಬುದು ಆ ಕತೆ ಕಟ್ಟಿದವರಿಗೆ ಗೊತ್ತಿತ್ತು.

ಕೆಲವು ವರ್ಷಗಳ ಹಿಂದೆ ಏಪ್ರಿಲ್‌ನಲ್ಲಿ ಸಾಗರಕಟ್ಟೆಯ ಬಳಿ ಕೆಆರ್‌ಎಸ್ ಹಿನ್ನೀರು ಇಳಿದಿತ್ತು. ಬಿರುಕುಬಿಟ್ಟ ನೆಲ, ಅಲ್ಲಲ್ಲಿ ಬೆಣಚುಕಲ್ಲು. ಕತ್ತಿಗೆ ಕಪ್ಪು ಪಟ್ಟಿ, ಕಣ್ಣಿನ ಸುತ್ತ ಹಳದಿ ಉಂಗುರವಿರುವ, ಗುಬ್ಬಿಗಿಂತ ತುಸು ದೊಡ್ಡ ಹಕ್ಕಿಯೊಂದು ಕಾಲ ಬುಡದಿಂದಲೇ ಎಂಬಂತೆ ಎದ್ದು ಓಡಿತು. ಲಿಟಲ್ ರಿಂಗ್ಡ್ ಪ್ಲವರ್. ಹತ್ತು ಮಾರು ಓಡಿ ಒಂದು ಪಕ್ಕಕ್ಕೆ ಕುಸಿಯಿತು. ಬಾಲ ಬೀಸಣಿಗೆಯಂತೆ ಹರಡಿತು, ಎಡರೆಕ್ಕೆ ಕೀಲು ತಪ್ಪಿದಂತೆ ನೆಲದ ಮೇಲೆ ಎಳೆದಾಡಿತು. ಕರುಳು ಚುರುಕ್ ಎನ್ನುವ ದನಿ. ನಾನು ಎರಡು ಹೆಜ್ಜೆ ಇಟ್ಟರೆ ಅದು ನಾಲ್ಕು ಹೆಜ್ಜೆ ತೆವಳುತ್ತಿತ್ತು. ಬೇಕೆಂದೇ ನಿಂತೆ. ಅದೂ ನಿಂತು, ಕತ್ತು ಹೊರಳಿಸಿ ನನ್ನನ್ನು ನೋಡಿತು. ನಾನು ಬರುವುದಿಲ್ಲವೆಂದು ಕಂಡಾಗ ನನ್ನ ಕಡೆಗೇ ಹಿಂದಿರುಗಿ, ಮೊದಲಿಗಿಂತ ಜೋರಾಗಿ ರೆಕ್ಕೆ ಬಡಿಯಿತು. ಎಲ್ಲೋ ಹಿಂದೆ, ಕಲ್ಲಿನ ನಡುವೆ ಕಲ್ಲಿನಂತೆಯೇ ಇರುವ ಮೊಟ್ಟೆಗಳು ಬಿಸಿಲಿಗೆ ಬೇಯುತ್ತಿರಬೇಕು ಎಂದು ಹೊಳೆದು, ಅದು ಕರೆದ ಕಡೆಗೇ ನಡೆದೆ. ಸಾಕಷ್ಟು ದೂರ ಬಂದ ಮೇಲೆ ಮುರಿದ ರೆಕ್ಕೆ ನೆಟ್ಟಗಾಗಿ ಹಕ್ಕಿ ಹಾರಿಹೋಯಿತು.

ಹಕ್ಕಿ ಹಾಗೆ ಹಿಂದಿರುಗಿ ನೋಡಿದ್ದು ನನ್ನ ಭ್ರಮೆಯಲ್ಲ. 1980ರ ದಶಕದಲ್ಲಿ ಕ್ಯಾರೊಲಿನ್ ರಿಸ್ಟೋ ಎಂಬ ವಿಜ್ಞಾನಿ ನ್ಯೂಯಾರ್ಕ್ ಬಳಿಯ ಕಡಲತೀರದಲ್ಲಿ ಇದೇ ಬಳಗದ ಹಕ್ಕಿಗಳನ್ನು ಅಭ್ಯಾಸ ಮಾಡಿದರು. ಹಕ್ಕಿಗಳು ಬಂದವನ ಕಣ್ಣಿಗೆ ಬೀಳುವ ಜಾಗಕ್ಕೆ ಹೋಗಿ ಆಟ ತೋರುತ್ತಿದ್ದವು, ಅವನು ಹಿಂಬಾಲಿಸದಿದ್ದರೆ ಹತ್ತಿರ ಬರುತ್ತಿದ್ದವು. ಹಿಂದೊಮ್ಮೆ ಗೂಡಿನ ಬಳಿ ಇಣುಕಿ ಹುಡುಕಾಡಿದ ಮನುಷ್ಯನನ್ನೂ ಸುಮ್ಮನೆ ನಡೆದುಹೋದವನನ್ನೂ ಬೇರೆಬೇರೆಯಾಗಿ ಗುರುತಿಸುತ್ತಿದ್ದವು. ಅಮೆರಿಕದ ಕಿಲ್‌ಡಿಯರ್ ಎಂಬ ಹಕ್ಕಿಯದು ಇನ್ನೂ ಸೊಗಸು. ಮಾಂಸ ತಿನ್ನುವ ಪ್ರಾಣಿ ಬಂದರೆ ಅದು ರೆಕ್ಕೆ ಮುರಿದವಳಾಗುತ್ತದೆ. ದನ ಬಂದರೆ ಆ ಸೋಗನ್ನು ಬಿಟ್ಟು, ಬಾಲ ಹರಡಿ, ಕಿರುಚಿ, ಅದರ ಮೂತಿಗೇ ನುಗ್ಗುತ್ತದೆ. ಹುಲ್ಲು ಮೇಯುವ ಹಸುವಿಗೆ ಗಾಯಗೊಂಡ ಹಕ್ಕಿಯಿಂದ ಏನಾಗಬೇಕು? ಅದರ ಗೊರಸು ಮೊಟ್ಟೆಯ ಮೇಲೆ ಬೀಳದಿದ್ದರೆ ಸಾಕು.

ಆ ತಾಯಿಗೆ ತಾನು ಮೋಸ ಮಾಡುತ್ತಿದ್ದೇನೆಂಬ ಅರಿವಿದೆಯೇ ಎಂದು ಪಂಡಿತರು ವಾದಿಸುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಲಕ್ಷಾಂತರ ವರ್ಷ ನರಿ ಯಾವ ಒದ್ದಾಟಕ್ಕೆ ಮರುಳಾಯಿತೋ ಆ ಒದ್ದಾಟದ ಹಕ್ಕಿಗಳ ಮರಿಗಳು ಉಳಿದವು, ಹಾಗೆ ಉಳಿದ ಮರಿಗಳು ಅದನ್ನೇ ಮುಂದುವರಿಸಿದವು. ನರಿಯ ಕಣ್ಣೇ ಅವಕ್ಕೆ ಹಾರ್ಮೋನಿಯಂ ಮೇಷ್ಟ್ರು. ನಮ್ಮ ಗದ್ದೆಯ ತಂತಿಯ ಮೇಲೆ ಕೂರುವ ಕಾಜಾಣದ ಆಫ್ರಿಕದ ಬಂಧು ಇನ್ನೊಂದು ಹೆಜ್ಜೆ ಮುಂದೆ. ಹದ್ದು ಬಂತೆಂದು ಸುಳ್ಳು ಕೂಗಿ, ಬೇರೆ ಹಕ್ಕಿ, ಪ್ರಾಣಿಗಳು ಬಿಟ್ಟು ಓಡಿದ ಆಹಾರವನ್ನು ಎತ್ತಿಕೊಳ್ಳುತ್ತದೆ. ಒಂದೇ ಕೂಗನ್ನು ಅವು ನಂಬದಾದಾಗ ಇನ್ನೊಂದು ಜೀವಿಯ ಕೂಗಿಗೆ ದನಿ ಬದಲಿಸುತ್ತದೆ.

ಆದರೆ ಎಲ್ಲ ನಟನೆಯೂ ಮೇಲ್ಮೈಯದಲ್ಲ. ಸತ್ತಂತೆ ಬೀಳುವುದಕ್ಕೆ ಹೆಸರಾದ ಅಮೆರಿಕದ ಒಪಾಸಂ ಎಂಬ, ಬೆಕ್ಕಿನಷ್ಟು ದೊಡ್ಡ ಪ್ರಾಣಿಯ ಎದೆಬಡಿತ ಆಗ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಉಸಿರಾಟವೂ ತಗ್ಗುತ್ತದೆ. 1964ರಲ್ಲಿ ಮಿದುಳಿನ ಅಲೆಗಳನ್ನು ಅಳೆದಾಗ ಕಂಡದ್ದು ಎಚ್ಚರವಿರುವ ಮಿದುಳು. ಎಚ್ಚರವಾಗಿಯೇ ಇದ್ದು, ಹೃದಯವನ್ನೂ ವೇಷಕ್ಕೆ ಒಪ್ಪಿಸಿಬಿಟ್ಟಿದೆ. ನಾಟ್ಯಶಾಸ್ತ್ರ ಮೈಯಿಂದಾಗುವ ಆಂಗಿಕ, ಮಾತಿನ ವಾಚಿಕ, ವೇಷಭೂಷಣದ ಆಹಾರ್ಯಗಳ ಜೊತೆಗೆ ಒಳಗಿನಿಂದ ತಾನಾಗಿ ಬರುವ ಸಾತ್ತ್ವಿಕವೆಂಬ ನಾಲ್ಕನೆಯ ಅಭಿನಯವನ್ನು ಹೇಳಿದ್ದು ಈ ಆಳಕ್ಕಾಗಿ. ಬೆವರು, ರೋಮಾಂಚ, ನಡುಕ, ಕಣ್ಣೀರು, ಪ್ರಜ್ಞೆ ತಪ್ಪುವ ಪ್ರಳಯ ಹೀಗೆ ಎಂಟು ಸಾತ್ತ್ವಿಕ ಭಾವಗಳು. ಇವು ಕೈಕಾಲಿನಂತೆ ಹೇಳಿದ ಮಾತು ಕೇಳುವುದಿಲ್ಲ. ಗದಾಯುದ್ಧದಲ್ಲಿ ರನ್ನ ತೋರಿಸುವ ದುರ್ಯೋಧನ ಸರೋವರದ ತಳದಲ್ಲಿ ಅಡಗಿದ್ದಾನೆ. ಭೀಮನ ಗರ್ಜನೆ ಕೇಳಿ ನೀರಿನೊಳಗೇ ಬೆವರುತ್ತಾನೆ. ನೋಡುವವರಿಲ್ಲ, ಬೆವರಿದರೂ ಕಾಣುವಂತಿಲ್ಲ. ಅಡಗಿದವನ ಸೋಗು ಪೂರ್ತಿಯಾಗಿದೆ, ಚರ್ಮ ಮಾತ್ರ ಒಪ್ಪಿಲ್ಲ.

ಚಿಕ್ಕಪ್ಪನಿಗೆ ಈಗ ಏರು ಶ್ರುತಿ ಎಟಕುವುದಿಲ್ಲ. ಕಳೆದ ಬಾರಿ ಮಂಡ್ಯದ ಕಲಾಮಂದಿರದಲ್ಲಿ ನನ್ನ ಪಕ್ಕ ಕೂತು ಬೇರೊಬ್ಬ ಹುಡುಗನ ಕರ್ಣನನ್ನು ನೋಡಿದರು. ಚಕ್ರ ಪ್ಲೈವುಡ್ಡಿನದೆಂದು ಅವರಿಗೆ ಗೊತ್ತು. ಎಲ್ಲಿ ಉಸಿರು ಎಳೆದುಕೊಳ್ಳಬೇಕು, ಯಾವ ಸಾಲಿನಲ್ಲಿ ಕೈ ಚಾಚಬೇಕು ಎಂಬುದೆಲ್ಲ ಅವರೇ ಆ ಹುಡುಗನಿಗೆ ಹೇಳಿಕೊಟ್ಟದ್ದು. ಹುಡುಗ ಹಾಡಿ ಕತ್ತು ವಾಲಿಸಿದಾಗ ಅವರು ಮಾತಿಲ್ಲದೆ ಅಂಗಿಯ ತೋಳು ಸರಿಸಿ ಮುಂಗೈಯನ್ನು ನನ್ನ ಮುಂದೆ ಹಿಡಿದರು. ನರೆತ ಕೂದಲೆಲ್ಲ ನಿಮಿರಿ ನಿಂತಿದ್ದವು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ‘ಒನ್ಸ್ ಮೋರ್’ ಎದ್ದಿತು. ಸತ್ತ ಹುಡುಗ ಕಿರೀಟ ಸರಿಪಡಿಸಿಕೊಳ್ಳತೊಡಗಿದ.