ವಯಲ್ ಸೆಲ್ಲೋದ ಅಜ್ಜಿಯಲ್ಲ

ಪ್ರಶ್ನೆ: ಯೋಹಾನ್ ಹರ್ಮನ್ ಶೈನ್ ಎಂಬ ಜರ್ಮನ್ ಸಂಗೀತಗಾರನ ನೃತ್ಯಮಾಲಿಕೆಯೊಂದನ್ನು ವಯಲ್ ಎಂಬ ಕಮಾನಿನ ತಂತಿವಾದ್ಯಗಳ ವೃಂದದಲ್ಲಿ ಕೇಳಿದೆ. ಪಿಟೀಲು, ಅದರ ಕುಟುಂಬದ ದೊಡ್ಡ ವಾದ್ಯವಾದ ಸೆಲ್ಲೋ ಆಗ ಇನ್ನೂ ಹುಟ್ಟಿರಲಿಲ್ಲ ಎಂದು ತಾನೆ ವಯಲ್ ಬಳಸಿದ್ದು? ಈಗ ಪಿಟೀಲಿನಲ್ಲೇ ನುಡಿಸಿದರಾಗದೇ?

ಉತ್ತರ: ಧಾರಾಳವಾಗಿ ನುಡಿಸಬಹುದು. ಶೈನ್ 1617ರಲ್ಲಿ ಅಚ್ಚು ಹಾಕಿಸಿದ ‘ಬ್ಯಾಂಕೆಟ್ಟೊ ಮ್ಯೂಸಿಕಾಲೆ’ಯ ಮುಖಪುಟವೇ ಯಾವ ವಾದ್ಯಗಳಾದರೂ ಸರಿ, ‘ವಿಯೋಲನ್’ ಆದರೆ ಮೇಲು ಎನ್ನುತ್ತದೆ. ಅಂದಿನ ಜರ್ಮನ್ ಬಳಕೆಯಲ್ಲಿ ಆ ಪದಕ್ಕೆ ಪಿಟೀಲಿನ ಕುಟುಂಬವೂ ಒಳಪಡುತ್ತಿತ್ತು. ಎರಡನೆಯ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಮೊದಲನೆಯದು ಹಾಗೆ ಮುಗಿಯುವಂಥದ್ದಲ್ಲ. ವಯಲ್ ಎಂದರೆ ಪಿಟೀಲಿನ ಹಳೆಯ ರೂಪ, ಸೆಲ್ಲೋದ ಅಜ್ಜಿ ಎಂಬ ನಂಬಿಕೆ ಗರಿಕೆಯ ಹಾಗೆ. ಎಷ್ಟು ಕಿತ್ತರೂ ಮತ್ತೆ ಚಿಗುರುತ್ತದೆ. ವಯಲ್ 15ನೆಯ ಶತಮಾನದ ಕೊನೆಯಲ್ಲಿ ಸ್ಪೇನಿನಲ್ಲಿ ರೂಪುಗೊಂಡಿತು. ಪಿಟೀಲು 16ನೆಯ ಶತಮಾನದ ಮೊದಲ ದಶಕಗಳಲ್ಲಿ ಉತ್ತರ ಇಟಲಿಯಲ್ಲಿ. ಇಷ್ಟು ಕಡಿಮೆ ಅಂತರದಲ್ಲಿ ಅಜ್ಜಿ ಮೊಮ್ಮಗಳಾಗುವುದು ಹೇಗೆ? ಹೆಚ್ಚೆಂದರೆ ದಾಯಾದಿಗಳು.

ವಾದ್ಯವನ್ನೇ ನೋಡಿ. ವಯಲ್‌ಗೆ ಸಾಮಾನ್ಯವಾಗಿ ಆರು ತಂತಿ. ಪಾಶ್ಚಾತ್ಯ ಪಿಟೀಲಿನಲ್ಲಿ ಪಕ್ಕಪಕ್ಕದ ತಂತಿಗಳ ನಡುವೆ ಷಡ್ಜ-ಪಂಚಮದ ಅಂತರ. ವಯಲ್‌ನಲ್ಲಿ ಷಡ್ಜ-ಮಧ್ಯಮದ್ದು, ನಟ್ಟನಡುವಿನ ಎರಡು ತಂತಿಗಳಿಗೆ ಮಾತ್ರ ಗಾಂಧಾರದ್ದು. ಬೆನ್ನು ಚಪ್ಪಟೆ. ಕುತ್ತಿಗೆಗೆ ಕರುಳಿನ ಎಳೆ ಸುತ್ತಿ ಮೆಟ್ಟಿಲು ಕಟ್ಟಿರುತ್ತಾರೆ. ಅವು ವೀಣೆಯಂತೆ ಮೇಣದಲ್ಲಿ ಕೂತವಲ್ಲ, ಸಿತಾರಿನಂತೆ ಸರಿಸಬಹುದಾದವು. ಎಷ್ಟು ಚಿಕ್ಕ ವಯಲ್ ಆದರೂ ಗಲ್ಲದಡಿಗೆ ಹೋಗುವುದಿಲ್ಲ, ಕಾಲುಗಳ ಆಸರೆಯಲ್ಲೇ ನಿಲ್ಲುತ್ತದೆ. ಅದರ ಇಟಾಲಿಯನ್ ಹೆಸರಿನಲ್ಲಿರುವ ‘ಗಾಂಬಾ’ ಎಂದರೂ ಕಾಲು. ಇನ್ನು ಕಮಾನು: ಅಂಗೈ ಮೇಲೆ ಮಾಡಿ ಹಿಡಿಯಬೇಕು. ಪಿಟೀಲಿನಲ್ಲಿ ಎಳೆದಾಗ ಒತ್ತು, ಇಲ್ಲಿ ತಳ್ಳಿದಾಗ. ತಾಳದ ಪೆಟ್ಟು ಬೀಳುವ ದಿಕ್ಕೇ ತಿರುಗುಮುರುಗಾದ ವಾದ್ಯವನ್ನು ‘ಹಳೆಯ ಸೆಲ್ಲೋ’ ಎಂದರೆ ಸಿಟ್ಟು ಬರದಿರುತ್ತದೆಯೇ?

ಇಷ್ಟಕ್ಕೂ ನಂಬದವರು ಜರ್ಮನ್ ಸಂಗೀತಗಾರ ಬಾಖ್‌ನ ಆರನೆಯ ಬ್ರಾಂಡೆನ್‌ಬುರ್ಗ್ ಕಂಚೆರ್ಟೊ ಕೇಳಲಿ. 1721ರಲ್ಲಿ ಅರ್ಪಿಸಿದ ಆ ಕೃತಿಯಲ್ಲಿ ಎರಡು ವಯಲ್‌ಗಳೂ ಒಂದು ಸೆಲ್ಲೋವೂ ಒಟ್ಟಿಗೆ ನುಡಿಯುತ್ತವೆ. (ಶೈನ್ 1616ರಲ್ಲಿ ಸೇರಿದ ಲೈಪ್‌ಜಿಗ್‌ನ ಸಂತ ಥಾಮಸ್ ಶಾಲೆಯ ಕ್ಯಾಂಟರ್, ಎಂದರೆ ಸಂಗೀತದ ಮುಖ್ಯಸ್ಥನ ಹುದ್ದೆಗೇ 1723ರಲ್ಲಿ ಬಾಖ್ ಬಂದದ್ದು. ಇದಕ್ಕೂ ಪ್ರಶ್ನೆಗೂ ಸಂಬಂಧವಿಲ್ಲ, ಹೇಳದೆ ಇರಲಾಗಲಿಲ್ಲ.) ಒಂದು ಸತ್ತು ಇನ್ನೊಂದು ಹುಟ್ಟಿದ್ದಲ್ಲ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಎರಡೂ ಜೊತೆಗೇ ಬಾಳಿದವು, ಬೇರೆ ಬೇರೆ ಕೆಲಸ ಮಾಡಿಕೊಂಡು. 1556ರಲ್ಲೇ ಫ್ರಾನ್ಸಿನ ಫಿಲಿಬೆರ್ ಜಾಂಬ್ ದ ಫೆರ್ ಬರೆದಿದ್ದಾನೆ: ವಯಲ್ ಕುಲೀನರು ಹೊತ್ತು ಕಳೆಯಲು ನುಡಿಸುವಂಥದ್ದು, ಪಿಟೀಲು ಕುಣಿತಕ್ಕೆ, ಮದುವೆಯ ಮೆರವಣಿಗೆಗೆ.

ಹಾಗಿದ್ದರೆ ಕುಣಿತದ್ದಲ್ಲದ ವಾದ್ಯಕ್ಕೆ ನೃತ್ಯಮಾಲಿಕೆ ಏಕೆ? ನೀವು ಕೇಳಲಿಲ್ಲ, ಕೇಳಬೇಕಿತ್ತು. ಶೈನ್‌ನ ಸಂಗ್ರಹದಲ್ಲಿ ಇಪ್ಪತ್ತು ಮಾಲಿಕೆಗಳಿವೆ. ಪ್ರತಿಯೊಂದರಲ್ಲೂ ಪದುವಾನ, ಗಲ್ಯಾರ್ದ, ಕುರಾಂತೆ, ಅಲ್ಲೆಮಾಂದೆ, ತ್ರಿಪ್ಲ ಎಂಬ ಐದು ನೃತ್ಯಗಳು. ಪದುವಾನದ ಐದು ಧ್ವನಿಗಳು, ಎಂದರೆ ಒಟ್ಟಿಗೆ ನುಡಿಯುವ ಐದು ಬೇರೆ ಬೇರೆ ಸ್ವರಧಾರೆಗಳು, ಒಂದನ್ನೊಂದು ಹೆಣೆದುಕೊಂಡು ಸಾಗುವುದನ್ನು ಕೇಳಿದರೆ ಇದು ಹೆಜ್ಜೆ ಹಾಕುವವರಿಗಿಂತ ನುಡಿಸುವವರ ಸುಖಕ್ಕೆ ಬರೆದದ್ದು ಎನಿಸುತ್ತದೆ. ಸಂಗ್ರಹದ ಹೆಸರಿನ ಅರ್ಥವೂ ಸಂಗೀತದ ಔತಣ ಎಂದೇ. ಕುಣಿತದಿಂದ ಅವನು ಉಳಿಸಿಕೊಂಡದ್ದು ನಡೆಯನ್ನು. ಕೊನೆಯ ತ್ರಿಪ್ಲ ಹೊಸ ರಚನೆಯೇ ಅಲ್ಲ. ಅದರ ಹಿಂದಿನ ಅಲ್ಲೆಮಾಂದೆಯ ಮಟ್ಟನ್ನೇ ಚತುರಶ್ರದಿಂದ ತಿಶ್ರಕ್ಕೆ ಹೊರಳಿಸಿದ್ದಾನೆ. ಮುಂದಿನ ಸಲ ಕೇಳುವಾಗ ಇವೆರಡನ್ನೂ ಬೆನ್ನಿಗೆ ಬೆನ್ನು ಹಾಕಿಕೊಂಡು, ಕೈಯಲ್ಲಿ ತಾಳ ಹಾಕುತ್ತಾ ಕೇಳಿ. ಈ ಎರಡರಲ್ಲಿ ಧ್ವನಿಗಳು ನಾಲ್ಕಕ್ಕೆ ಇಳಿಯುವುದರಿಂದ ಮಟ್ಟು ಹಿಡಿಯುವುದು ಕಷ್ಟವಲ್ಲ.