ರೋಗವೇ ಇಲ್ಲದ ಅವ್ವನಿಗೆ ಪರೀಕ್ಷೆ ಯಾಕೆ?

ಪ್ರಶ್ನೆ: ನಮ್ಮ ಅವ್ವನಿಗೆ ಎಪ್ಪತ್ತೆರಡು. ಬಿಪಿ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ. ಆದರೂ ಹಿರಿಯರ ಆರೋಗ್ಯ ಶಿಬಿರದಲ್ಲಿ ಮೂರು ಪದ ಹೇಳಿ ನೆನಪಿಡಲು ಹೇಳಿದರು, ಕುರ್ಚಿಯಿಂದ ಐದು ಸಲ ಎಬ್ಬಿಸಿ ಕೂರಿಸಿದರು. ಇದೆಲ್ಲ ಯಾಕೆ? ವಯಸ್ಸಾದ ಮೇಲೆ ಮರೆವು ಬಂದೇ ಬರುತ್ತದಲ್ಲವೇ?
– ಗುಳೇದಗುಡ್ಡದ ಓದುಗರು

ಉತ್ತರ: ಬಾದಾಮಿಯವರೂ ಇದನ್ನೇ ಕೇಳುತ್ತಾರೆ, ಇಳಕಲ್ಲಿನವರೂ ಇದನ್ನೇ ಕೇಳುತ್ತಾರೆ. ಇನ್ನೊಮ್ಮೆ ಹೇಳುತ್ತೇನೆ.

ಅಲ್ಲಿ ನೋಡಿದ್ದು ನಿಮ್ಮ ಅವ್ವನ ಕಸುವು ಎಷ್ಟು ಉಳಿದಿದೆ ಎಂಬುದನ್ನು. ನೆನಪು, ನಡಿಗೆ, ಊಟ, ಕಣ್ಣು, ಕಿವಿ, ಮನಸ್ಸು: ಈ ಆರನ್ನು ನೋಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರ ಕೈಪಿಡಿಯಲ್ಲಿ ಹೇಳಿದೆ. ಕೈ ಊರದೆ ಐದು ಸಲ ಏಳಲು 14 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಕಾಲಿನ ಬಲ ಕುಂದಿರಬಹುದು. ಬಚ್ಚಲಲ್ಲಿ ಜಾರಿ ಬೀಳುವ ಮೊದಲೇ ಅದು ಗೊತ್ತಾಗುವುದು ಒಳ್ಳೆಯದಲ್ಲವೇ?

ಇನ್ನು ಮರೆವಿನ ಮಾತು. 'ಅರವತ್ತಕ್ಕೆ ಅರಳುಮರಳು' ಎಂಬ ಗಾದೆಯಿಂದ ನಮ್ಮ ಹಿರಿಯರಿಗೆ ಆಗಿರುವ ಹಾನಿ ದೊಡ್ಡದು. ಭಾರತದಲ್ಲಿ ಅರವತ್ತು ದಾಟಿದ ನೂರು ಜನರಲ್ಲಿ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇರುವುದು ಸುಮಾರು 7 ಮಂದಿಗೆ. ವಯಸ್ಸಿನ ಜೊತೆ ತಾನಾಗಿ ಬರುವುದಾಗಿದ್ದರೆ ಎಲ್ಲರಿಗೂ ಬರಬೇಕಿತ್ತು. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಬೇರೆ, ನಿತ್ಯ ಹೋಗುವ ಗುಡಿಯಿಂದ ಮನೆಗೆ ಬರುವ ದಾರಿ ತಪ್ಪುವುದು ಬೇರೆ. ಎರಡನೆಯದು ಕಾಯಿಲೆಯ ಲಕ್ಷಣ. ಅಷ್ಟೇ ಅಲ್ಲ, ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ನಿದ್ರೆ ಮಾತ್ರೆಗಳು, ಇವೂ ಮರೆವು ತರುತ್ತವೆ. ಇವಕ್ಕೆಲ್ಲ ಚಿಕಿತ್ಸೆಯಿದೆ. ಗಂಡ ತೀರಿಕೊಂಡ ಮೇಲೆ ಮಂಕಾಗಿ ಕುಳಿತ ಹೆಂಗಸನ್ನು 'ಮುದುಕಿಗೆ ಮರೆವು' ಎಂದು ಮೂಲೆಗೆ ಬಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಆಕೆಗೆ ಇದ್ದದ್ದು ದುಃಖ, ಅದನ್ನು ಯಾರೂ ಕೇಳಿರಲಿಲ್ಲ.

ಕಿವಿ ಮಂದವಾದವರದ್ದೂ ಇದೇ ಪಾಡು. ಮಾತು ಕೇಳಿಸದವರು ಉತ್ತರ ಹೇಗೆ ಕೊಟ್ಟಾರು? ಅದಕ್ಕೇ ಹಿಂದೆ ನಿಂತು ಪಿಸುಮಾತಿನಲ್ಲಿ ಪದ ಹೇಳಿ ಕಿವಿಯನ್ನೂ ನೋಡುತ್ತಾರೆ.

ಶಾಲೆ ಕಲಿಯದವರಿಗೆ ಈ ಪರೀಕ್ಷೆ ಅನ್ಯಾಯ ಎನ್ನುವವರಿಗೂ ಒಂದು ಮಾತು. ಹೂವು, ಬಾಗಿಲು, ಅಕ್ಕಿ ಎಂಬ ಮೂರು ಪದ ನೆನಪಿಡಲು ಅಕ್ಷರ ಬೇಕಿಲ್ಲ. ತಾರೀಖು ಹೇಳಲಾಗದ ಅಜ್ಜಿ 'ನಾಡಿದ್ದು ಅಮಾವಾಸ್ಯೆ' ಎಂದು ಸರಿಯಾಗಿ ಹೇಳಿದರೆ, ಪರೀಕ್ಷೆ ಮಾಡುವವರು ಅದನ್ನು ಕಿವಿಗೊಟ್ಟು ಕೇಳಬೇಕು. ದಯವಿಟ್ಟು ಪಕ್ಕದಲ್ಲಿ ನಿಂತು ನೀವೇ ಉತ್ತರ ಹೇಳಿಕೊಡಬೇಡಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಅವ್ವ ಜೋಳದ ರೊಟ್ಟಿ ಬಿಟ್ಟಿದ್ದಾರೆಯೇ? ನಮ್ಮ ಕಡೆ ಹಿರಿಯರು 'ರೊಟ್ಟಿ ಒಲ್ಲೆ, ಅನ್ನ ಸಾರು ಸಾಕು' ಎಂದರೆ ಯಾರೂ ಗಮನಿಸುವುದಿಲ್ಲ. ಹಲ್ಲು ಅಲುಗಾಡುತ್ತಿರಬಹುದು, ಒಸಡು ನೋಯುತ್ತಿರಬಹುದು. ರೊಟ್ಟಿಯ ಜೊತೆಗೆ ಕಾಳುಪಲ್ಯ, ಶೇಂಗಾ ಚಟ್ನಿಯೂ ತಟ್ಟೆಯಿಂದ ಹೋಗುತ್ತವೆ, ಆಮೇಲೆ ತೋಳು ತೊಡೆ ಸೊರಗುತ್ತವೆ. ಮೂರು ತಿಂಗಳಲ್ಲಿ ಮೂರು ಕಿಲೋಗಿಂತ ಹೆಚ್ಚು ತೂಕ ಇಳಿದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ತೂಕ ನೋಡಿಲ್ಲವಾದರೆ ಕುಪ್ಪಸ ಸಡಿಲವಾಗಿದೆಯೇ, ಬಳೆ ಮೊಣಕೈವರೆಗೆ ಜಾರುತ್ತಿವೆಯೇ ನೋಡಿ. ಹಲ್ಲಿನ ವೈದ್ಯರ ಬಳಿ ಹೋಗಿ ಬರುವವರೆಗೆ ಬಿಸಿ ರೊಟ್ಟಿಯನ್ನು ಹೆಸರುಕಾಳಿನ ಪಲ್ಯದ ರಸದಲ್ಲಿ ನೆನೆಸಿ ಕೊಡಿ.