ಬಯಲಲ್ಲಿ ಮಲಗುವ ವಿದ್ಯಾರ್ಥಿಗಳು: ಪ್ರತಿಭಟನೆಯಾಗಿ ಹುಟ್ಟಿ ದೇಣಿಗೆಯ ದಾರಿ ಹಿಡಿದ ಅಭಿಯಾನ

ಮಾರ್ಚ್ ತಿಂಗಳಲ್ಲೂ ಕೆನಡಾದ ಎಡ್ಮಂಟನ್ ನಗರದಲ್ಲಿ ಮೈಕೊರೆಯುವ ಚಳಿ ಇರುತ್ತದೆ. 2005ರಲ್ಲಿ ಅಲ್ಲಿನ ಆಲ್ಬರ್ಟಾ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿಗಳು ಒಂದು ನಿರ್ಧಾರ ಮಾಡಿದರು. ಐದು ದಿನ ಕ್ಯಾಂಪಸ್ಸಿನಲ್ಲೇ, ಬಯಲಲ್ಲೇ ಮಲಗುವುದು. ಅದಕ್ಕೆ ‘ಫೈವ್ ಡೇಸ್ ಫಾರ್ ದ ಹೋಮ್‌ಲೆಸ್’ ಎಂದು ಹೆಸರಿಟ್ಟರು. ನಿಯಮಗಳು ಕಡಿಮೆ, ಆದರೆ ಬಿಗಿ. ಜೇಬಿನಲ್ಲಿ ದುಡ್ಡು ಇರಬಾರದು. ಯಾರಾದರೂ ಕೊಟ್ಟರೆ ಮಾತ್ರ ಊಟ. ಸ್ನಾನ ಇಲ್ಲ. ಹಾಸಿಗೆ ಅಂದರೆ ಒಂದು ಸ್ಲೀಪಿಂಗ್ ಬ್ಯಾಗು, ಒಂದು ದಿಂಬು. ಇಷ್ಟೆಲ್ಲ ಆದಮೇಲೂ ಬೆಳಿಗ್ಗೆ ಕ್ಲಾಸು ತಪ್ಪಿಸುವಂತಿಲ್ಲ.

ಈ ಕೊನೆಯ ನಿಯಮ ನನಗೆ ಬಹಳ ಮುಖ್ಯ ಅನಿಸುತ್ತದೆ. ಚಳಿಗೆ ನಡುಗಿ, ಅರೆಬರೆ ನಿದ್ದೆ ಮಾಡಿ, ಬೆಳಿಗ್ಗೆ ಒಂಬತ್ತಕ್ಕೆ ನೋಟ್ಸ್ ಬರೆಯಲು ಕೂತಾಗಲೇ ಗೊತ್ತಾಗೋದು, ಮನೆ ಇಲ್ಲದವನ ಕಷ್ಟ ರಾತ್ರಿಗಷ್ಟೇ ಸೀಮಿತವಲ್ಲ ಅಂತ. ಅವನ ಹಗಲನ್ನೂ ಅದು ತಿಂದುಹಾಕುತ್ತದೆ. ಕೆಲಸ ಹುಡುಕಬೇಕು, ಫಾರಂ ತುಂಬಬೇಕು, ಕ್ಯೂನಲ್ಲಿ ನಿಲ್ಲಬೇಕು. ಎಲ್ಲವೂ ಆ ಮಂಪರಿನಲ್ಲೇ.

ಕೆಲವೇ ವರ್ಷಗಳಲ್ಲಿ ಈ ಅಭಿಯಾನ ಕೆನಡಾದ ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಹಬ್ಬಿತು. ಎಲ್ಲ ಕಡೆಯ ಸಂಗ್ರಹ ಕೂಡಿಸಿದರೆ ಹತ್ತು ಲಕ್ಷ ಡಾಲರ್ ದಾಟಿತು. ಆದರೆ ಬಯಲಲ್ಲಿ ಮಲಗಿ ಒಂದು ವಿಷಯ ಹೇಳುವ ಪದ್ಧತಿ ಹುಟ್ಟಿದ್ದು ಎಡ್ಮಂಟನ್‌ನಲ್ಲಲ್ಲ. ಅದಕ್ಕೂ ಇಪ್ಪತ್ತು ವರ್ಷ ಹಿಂದೆ ಅಮೆರಿಕದ ರಾಜಧಾನಿಯಲ್ಲಿ ಅದು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತ್ತು. ಆಗ ಅದರ ಗುರಿ ದುಡ್ಡು ಕೂಡಿಸುವುದಾಗಿರಲಿಲ್ಲ.

1980ರ ದಶಕದ ಶುರುವಿನಲ್ಲಿ ಅಮೆರಿಕದ ಬೀದಿಗಳಲ್ಲಿ ಮಲಗುವವರ ಸಂಖ್ಯೆ ಕಣ್ಣಿಗೆ ಹೊಡೆಯುವಷ್ಟು ಜಾಸ್ತಿಯಾಯಿತು. ಕಾರಣ ಒಂದೆರಡಲ್ಲ. ಆರ್ಥಿಕ ಹಿಂಜರಿತದಿಂದ ಕೆಲಸ ಹೋದವು. ಬಡವರು ಒಂಟಿ ಕೋಣೆ ಹಿಡಿದು ಬದುಕುತ್ತಿದ್ದ ಅಗ್ಗದ ಹೋಟೆಲುಗಳನ್ನು ನಗರಗಳು ಒಂದೊಂದಾಗಿ ಕೆಡವಿದವು. ದೊಡ್ಡ ಮಾನಸಿಕ ಆಸ್ಪತ್ರೆಗಳನ್ನು ಮುಚ್ಚಿದರು, ಹೊರಬಂದವರಿಗೆ ಬೇರೆ ವ್ಯವಸ್ಥೆ ಸಾಕಷ್ಟು ಆಗಲಿಲ್ಲ. ಅದೇ ಹೊತ್ತಿಗೆ ಅಧ್ಯಕ್ಷ ರೇಗನ್ ಸರ್ಕಾರ ಬಡವರ ವಸತಿಗೆ ಕೊಡುತ್ತಿದ್ದ ಹಣಕ್ಕೆ ಕತ್ತರಿ ಹಾಕಿತು. ಹೀಗೆ ಜನ ಬೀದಿಪಾಲಾದರು.

ವಾಷಿಂಗ್ಟನ್‌ನಲ್ಲಿ ‘ಕಮ್ಯುನಿಟಿ ಫಾರ್ ಕ್ರಿಯೇಟಿವ್ ನಾನ್-ವಯಲೆನ್ಸ್’ ಎಂಬ ಗುಂಪು ಇತ್ತು. 1970ರಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪಾದ್ರಿಯೊಬ್ಬರ ಸುತ್ತ, ವಿಯೆಟ್ನಾಂ ಯುದ್ಧದ ವಿರೋಧದ ಹೊತ್ತಲ್ಲಿ ಕಟ್ಟಿಕೊಂಡ ಗುಂಪು ಅದು. ಆಮೇಲೆ ಮನೆಯಿಲ್ಲದವರ ಪರವಾಗಿ ನಿಂತಿತು. 1982ರ ಚಳಿಗಾಲದಲ್ಲಿ ಶ್ವೇತಭವನದ ಎದುರಿನ ಲಫಾಯೆಟ್ ಪಾರ್ಕಿನಲ್ಲಿ 20 ಡೇರೆ, ನ್ಯಾಷನಲ್ ಮಾಲ್ ಬಯಲಿನಲ್ಲಿ 40 ಡೇರೆ ಹಾಕಲು ಅನುಮತಿ ಕೇಳಿತು. ಪಾರ್ಕಿನ ಇಲಾಖೆ ಡೇರೆಗೆ ಒಪ್ಪಿತು. ಒಂದೇ ಷರತ್ತು: ಒಳಗೆ ಯಾರೂ ನಿದ್ದೆ ಮಾಡಬಾರದು.

ಗುಂಪು ಕೋರ್ಟಿಗೆ ಹೋಯಿತು. ಮನೆ ಇಲ್ಲದವನು ಸರ್ಕಾರದ ಬಾಗಿಲ ಮುಂದೆ ಮಲಗುವುದೇ ಅವನ ಮಾತು, ಅವನ ಪ್ರತಿಭಟನೆ. ಆದ್ದರಿಂದ ನಿದ್ದೆಗೂ ವಾಕ್ ಸ್ವಾತಂತ್ರ್ಯದ ರಕ್ಷಣೆ ಸಿಗಬೇಕು ಅನ್ನೋದು ಅದರ ವಾದ. 1984ರಲ್ಲಿ ಸುಪ್ರೀಂ ಕೋರ್ಟು 7–2ರ ಬಹುಮತದಿಂದ ಗುಂಪಿನ ವಿರುದ್ಧ ತೀರ್ಪು ಕೊಟ್ಟಿತು. ಮಲಗುವುದರಲ್ಲಿ ಏನೋ ಒಂದು ಹೇಳಿಕೆ ಇದೆ ಅಂತಲೇ ಇಟ್ಟುಕೊಂಡರೂ ಪಾರ್ಕನ್ನು ಕಾಪಾಡುವ ನಿಯಮ ಅದನ್ನು ತಡೆಯಬಹುದು ಎಂದಿತು. ನ್ಯಾಯಮೂರ್ತಿಗಳಾದ ಥರ್ಗುಡ್ ಮಾರ್ಷಲ್ ಮತ್ತು ವಿಲಿಯಂ ಬ್ರೆನನ್ ಮಾತ್ರ ಇದನ್ನು ಒಪ್ಪಲಿಲ್ಲ.

ಕೇಸು ಸೋತರೂ ಗುಂಪು ಸುಮ್ಮನಾಗಲಿಲ್ಲ. ಅದರ ಮುಂದಾಳು ಮಿಚ್ ಸ್ನೈಡರ್ ಅದೇ ವರ್ಷ 51 ದಿನ ಉಪವಾಸ ಕೂತರು. ವಾಷಿಂಗ್ಟನ್‌ನ ಒಂದು ಸರ್ಕಾರಿ ಕಟ್ಟಡವನ್ನು ರಿಪೇರಿ ಮಾಡಿ ಆಶ್ರಯ ಕೇಂದ್ರ ಮಾಡಿಕೊಡುತ್ತೇವೆಂದು ರೇಗನ್ ಸರ್ಕಾರ ಒಪ್ಪಿದ್ದು ಚುನಾವಣೆಗೆ ಎರಡೇ ದಿನ ಇದ್ದಾಗ. ಆಮೇಲೆ 1987ರ ಮಾರ್ಚ್‌ನಲ್ಲಿ ಒಂದು ರಾತ್ರಿ, ಸಂಸತ್ತಿನ ಕೆಲವು ಸದಸ್ಯರು ಮತ್ತು ನಟ ಮಾರ್ಟಿನ್ ಶೀನ್ ಮುಂತಾದವರು ಸ್ನೈಡರ್ ಜೊತೆ ವಾಷಿಂಗ್ಟನ್‌ನ ಬೀದಿಯಲ್ಲಿ ಮಲಗಿದರು. ನೆಲದಡಿಯಿಂದ ಬಿಸಿಗಾಳಿ ಬರುವ ಕಬ್ಬಿಣದ ಜಾಲರಿಗಳ ಮೇಲೆ. ನಗರದ ಬೀದಿವಾಸಿಗಳು ದಿನಾ ಮಲಗುತ್ತಿದ್ದ ಜಾಗಗಳೇ ಅವು.

ಆಗ ಮನೆಯಿಲ್ಲದವರಿಗೆ ನೆರವು ಕೊಡುವ ಒಂದು ಮಸೂದೆ ಸಂಸತ್ತಿನ ಮುಂದಿತ್ತು. ಕೆಲವೇ ದಿನಗಳಲ್ಲಿ ಕೆಳಮನೆ ಅದನ್ನು ಪಾಸು ಮಾಡಿತು. ಜುಲೈನಲ್ಲಿ ರೇಗನ್ ಸಹಿ ಹಾಕಿದರು. ಅಷ್ಟರಲ್ಲಿ ತೀರಿಕೊಂಡಿದ್ದ ಸಂಸದ ಸ್ಟೂವರ್ಟ್ ಮೆಕಿನಿ ಅವರ ಹೆಸರನ್ನೇ ಕಾನೂನಿಗೆ ಇಟ್ಟರು. ಮನೆಯಿಲ್ಲದವರಿಗಾಗಿ ಅಮೆರಿಕದ ಕೇಂದ್ರ ಸರ್ಕಾರ ಮಾಡಿದ ಮೊದಲ ದೊಡ್ಡ ಕಾನೂನು ಅದು. ಮನೆ ಇಲ್ಲದ ಮಕ್ಕಳನ್ನು ವಿಳಾಸದ ನೆಪ ಹೇಳಿ ಶಾಲೆಯಿಂದ ಹೊರಗಿಡುವಂತಿಲ್ಲ ಎಂಬ ನಿಯಮ ಬೇರೂರಿದ್ದೂ ಇದೇ ಕಾನೂನಿನಿಂದ.

ಒಂದು ರಾತ್ರಿ ಮಲಗಿದ್ದಕ್ಕೇ ಕಾನೂನು ಬಂತು ಅಂತ ಯಾರೂ ಹೇಳಲಾರರು. ಅದರ ಹಿಂದೆ ವರ್ಷಗಟ್ಟಲೆ ಹೋರಾಟ ಇತ್ತು. ಆದರೆ ಆ ರಾತ್ರಿಗೆ ಒಂದು ಸ್ಪಷ್ಟ ಬೇಡಿಕೆ ಇತ್ತು, ಕೇಳಿಸಿಕೊಳ್ಳಬೇಕಾದವರೇ ಪಕ್ಕದಲ್ಲಿ ಮಲಗಿದ್ದರು. ಮುಂದೆ ನೂರಾರು ಕಡೆ ಹೀಗೆ ಮಲಗುವ ಕಾರ್ಯಕ್ರಮಗಳಾದವು. ಅವುಗಳಲ್ಲಿ ಎಷ್ಟೋ ಈ ಬೇಡಿಕೆಯನ್ನೇ ಕಳೆದುಕೊಂಡವು ಅನ್ನೋದು ನನ್ನ ಬೇಸರ.

ವಿದ್ಯಾರ್ಥಿಗಳ ಕಡೆಯಿಂದಲೂ ಒಂದು ಬೇರೆ ಎಳೆ ಬಂದು ಸೇರಿತು. ಪೆನ್ಸಿಲ್ವೇನಿಯಾದ ವಿಲನೋವಾ ವಿಶ್ವವಿದ್ಯಾಲಯದಲ್ಲಿ 1975ರಲ್ಲೇ ಹಸಿವಿನ ಬಗ್ಗೆ ಜಾಗೃತಿ ಮೂಡಿಸುವ ಕೆಲಸ ಶುರುವಾಗಿತ್ತು. ಅದೇ ಮುಂದೆ ದೇಶದ ಎಷ್ಟೋ ಕಾಲೇಜುಗಳು ನವೆಂಬರ್‌ನಲ್ಲಿ ನಡೆಸುವ ಹಸಿವು ಮತ್ತು ವಸತಿಹೀನತೆಯ ಜಾಗೃತಿ ಸಪ್ತಾಹವಾಯಿತು. 1985ರ ಹೊತ್ತಿಗೆ ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ಅಮೆರಿಕದ ಕ್ಯಾಂಪಸ್ಸುಗಳು ಎದ್ದು ನಿಂತವು. ವಿದ್ಯಾರ್ಥಿಗಳು ಕಾಲೇಜು ಹುಲ್ಲುಹಾಸಿನ ಮೇಲೆ ತಗಡು, ಹಲಗೆಗಳ ಗುಡಿಸಲು ಕಟ್ಟಿ ಅದರೊಳಗೆ ಮಲಗಿದರು. ಆಡಳಿತದ ಕಣ್ಣೆದುರೇ ಮಲಗಿ ಕದಲದೆ ಉಳಿಯುವ ಪಾಠ ಒಂದು ತಲೆಮಾರಿಗೆ ಅಲ್ಲಿ ಸಿಕ್ಕಿತು. ಅದೇ ವರ್ಷ ಹಸಿವು ಮತ್ತು ವಸತಿಹೀನತೆಯ ವಿರುದ್ಧ ವಿದ್ಯಾರ್ಥಿಗಳ ರಾಷ್ಟ್ರೀಯ ಸಂಘಟನೆಯೂ ಹುಟ್ಟಿತು.

ಬ್ರಿಟನ್ನಿನ ದಾರಿ ಸ್ವಲ್ಪ ಬೇರೆ. 1966ರಲ್ಲಿ ಮನೆ ಕಳೆದುಕೊಳ್ಳುವ ಕುಟುಂಬವೊಂದರ ಟಿವಿ ನಾಟಕ ದೇಶವನ್ನೇ ಅಲುಗಾಡಿಸಿತು. ಅದೇ ವರ್ಷ ‘ಶೆಲ್ಟರ್’ ಸಂಸ್ಥೆ, 1969ರಲ್ಲಿ ಲಂಡನ್ನಿನ ಸೋಹೋದಲ್ಲಿ ಬೀದಿಗೆ ಬಿದ್ದ ಹುಡುಗ ಹುಡುಗಿಯರಿಗಾಗಿ ‘ಸೆಂಟರ್‌ಪಾಯಿಂಟ್’ ಶುರುವಾದವು. 1977ರಲ್ಲಿ ಸ್ಥಳೀಯ ಆಡಳಿತಗಳ ಮೇಲೆ ಮನೆಯಿಲ್ಲದವರ ಹೊಣೆ ಹೊರಿಸುವ ಕಾನೂನೂ ಬಂತು. ಅಲ್ಲಿ ಬಯಲಲ್ಲಿ ಮಲಗುವುದು ಹೆಚ್ಚಾಗಿ ದೇಣಿಗೆ ಎತ್ತುವ ಕಾರ್ಯಕ್ರಮವಾಗಿ ಬೆಳೆಯಿತು. 2009ರ ಡಿಸೆಂಬರ್‌ನಲ್ಲಿ ರಾಜಕುಮಾರ ವಿಲಿಯಂ ಸೆಂಟರ್‌ಪಾಯಿಂಟ್ ಪರವಾಗಿ ಬ್ಲ್ಯಾಕ್‌ಫ್ರೈಯರ್ಸ್ ಸೇತುವೆ ಹತ್ತಿರ ಒಂದು ರಾತ್ರಿ ಮಲಗಿದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು.

ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿ ಎಂಬ ಸೇವಾ ಸಂಸ್ಥೆ ಕಂಪನಿಗಳ ಮುಖ್ಯಸ್ಥರನ್ನೇ ಹೊರಗೆ ಮಲಗಿಸಿತು. 2011ರಲ್ಲಿ ಮನೆಯಿಲ್ಲದ ಹುಡುಗ ಹುಡುಗಿಯರಿಗೆ ಆಶ್ರಯ ಕೊಡುವ ಅಮೆರಿಕದ ‘ಕವನೆಂಟ್ ಹೌಸ್’ ಇದೇ ದಾರಿ ಹಿಡಿಯಿತು. ಕಂಪನಿ ಅಧಿಕಾರಿಗಳಿಂದ ಶುರುಮಾಡಿ, ನಂತರ ವಿದ್ಯಾರ್ಥಿಗಳಿಗೇ ಬೇರೆ ಕಾರ್ಯಕ್ರಮ ಮಾಡಿತು. ದುಡ್ಡು ಬರುವ ರೀತಿ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಮಲಗುವ ಒಬ್ಬೊಬ್ಬರೂ ತಮ್ಮ ಹೆಸರಲ್ಲಿ ಒಂದು ಗುರಿ ಇಟ್ಟುಕೊಳ್ಳುತ್ತಾರೆ. ಅಪ್ಪ ಅಮ್ಮ, ಚಿಕ್ಕಪ್ಪ, ಗೆಳೆಯರು, ಮೇಷ್ಟ್ರು, ಎಲ್ಲರ ಹತ್ತಿರವೂ ಕೇಳುತ್ತಾರೆ. ಸಂಸ್ಥೆಯೊಂದು ಪತ್ರ ಬರೆದರೆ ಪಕ್ಕಕ್ಕಿಡುವ ಜನ, ತಮ್ಮ ಮನೆಯ ಹುಡುಗಿ ಚಳಿಯಲ್ಲಿ ಮಲಗುತ್ತಾಳೆ ಅಂದರೆ ಕೈ ಬಿಚ್ಚುತ್ತಾರೆ.

ದೇಣಿಗೆಯ ದಾರಿಯಲ್ಲೇ ಹೋಗಿಯೂ ಗಟ್ಟಿ ಕೆಲಸ ಮಾಡಿದ್ದು ಸ್ಕಾಟ್ಲೆಂಡಿನ ‘ಸೋಷಿಯಲ್ ಬೈಟ್’ ಸಂಸ್ಥೆ. 2017ರ ಡಿಸೆಂಬರ್‌ನಲ್ಲಿ ಎಡಿನ್‌ಬರೋದ ಪ್ರಿನ್ಸೆಸ್ ಸ್ಟ್ರೀಟ್ ಉದ್ಯಾನದಲ್ಲಿ ಸುಮಾರು 8,000 ಜನ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಮಲಗಿದರು. ಸುಮಾರು 40 ಲಕ್ಷ ಪೌಂಡ್ ಸೇರಿತು. ಮುಖ್ಯ ವಿಷಯ ಏನೆಂದರೆ ಆ ಹಣದ ದೊಡ್ಡ ಪಾಲು ‘ಹೌಸಿಂಗ್ ಫಸ್ಟ್’ ಯೋಜನೆಗೆ ಹೋಯಿತು. ಅಂದರೆ ಕುಡಿತ ಬಿಡು, ಚಿಕಿತ್ಸೆ ತಗೋ, ಆಮೇಲೆ ಮನೆ ಅನ್ನುವ ಹಳೆಯ ಪದ್ಧತಿಯನ್ನು ತಲೆಕೆಳಗು ಮಾಡಿ, ಮೊದಲು ಮನೆಯ ಬೀಗದ ಕೈ ಕೊಟ್ಟು ಮಿಕ್ಕಿದ್ದನ್ನು ಆಮೇಲೆ ನೋಡುವುದು. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಶುರುಮಾಡಿದ ದಾರಿ ಇದು.

ಇದು ಕೆಲಸ ಮಾಡುತ್ತದಾ? ಕೆನಡಾ ಪರೀಕ್ಷೆ ಮಾಡಿ ನೋಡಿತು. 1993ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಹೊಸ ಸಾಮಾಜಿಕ ವಸತಿಗೆ ಹಣ ಕೊಡುವುದನ್ನು ನಿಲ್ಲಿಸಿ ಕೈತೊಳೆದುಕೊಂಡಿತ್ತು. ಅದರ ಫಲ ಮುಂದಿನ ವರ್ಷಗಳಲ್ಲಿ ನಗರಗಳ ಬೀದಿಯಲ್ಲಿ ಕಾಣಿಸಿತು. ಎಡ್ಮಂಟನ್ ವಿದ್ಯಾರ್ಥಿಗಳು ಹೊರಗೆ ಮಲಗಿದ್ದು ಆ ವಾತಾವರಣದಲ್ಲೇ. 2009ರಿಂದ 2013ರವರೆಗೆ ಐದು ನಗರಗಳಲ್ಲಿ 2,000ಕ್ಕೂ ಹೆಚ್ಚು ಜನರೊಂದಿಗೆ ‘ಅಟ್ ಹೋಮ್’ ಎಂಬ ಪ್ರಯೋಗ ನಡೆಯಿತು. ಮೊದಲು ಮನೆ ಸಿಕ್ಕ ಗುಂಪಿನವರು ಎರಡು ವರ್ಷದಲ್ಲಿ ಸರಾಸರಿ ಶೇ 73ರಷ್ಟು ಕಾಲ ಸ್ಥಿರವಾದ ಸೂರಿನಡಿ ಇದ್ದರು. ಮಾಮೂಲಿ ಸೇವೆಗಳನ್ನಷ್ಟೇ ನೆಚ್ಚಿಕೊಂಡಿದ್ದ ಗುಂಪಿನಲ್ಲಿ ಅದು ಶೇ 32.

ಬಯಲಲ್ಲಿ ಮಲಗುವ ಕಾರ್ಯಕ್ರಮಗಳನ್ನು ಕಂಡು ಮೂಗು ಮುರಿಯುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ವಿದ್ಯಾರ್ಥಿಗೆ ನಾಳೆ ಬಿಸಿನೀರು ಸಿಗುತ್ತದೆ. ಸುತ್ತ ಗೆಳೆಯರಿದ್ದಾರೆ, ಕಾವಲಿಗೆ ಕ್ಯಾಂಪಸ್ಸಿನ ಸೆಕ್ಯುರಿಟಿ ಇದೆ. ಬೀದಿಯಲ್ಲಿರುವವನಿಗೆ ಚಳಿಗಿಂತ ಜಾಸ್ತಿ ಕಾಡೋದು ಭಯ. ಯಾರು ಒದೆಯುತ್ತಾರೋ, ಯಾರು ಬ್ಯಾಗು ಎತ್ತಿಕೊಂಡು ಹೋಗುತ್ತಾರೋ ಅಂತ. ಹೆಂಗಸರಿಗಂತೂ ಆ ಭಯದಲ್ಲಿ ಕಣ್ಣು ಮುಚ್ಚೋದೇ ಕಷ್ಟ. ಇನ್ನೊಂದು, ಮನೆಯಿಲ್ಲದವರಲ್ಲಿ ಬಹಳ ಜನ ಬೀದಿಯಲ್ಲಿ ಕಾಣುವುದೇ ಇಲ್ಲ. ಗೆಳೆಯರ ಸೋಫಾದ ಮೇಲೆ, ಕಾರಿನಲ್ಲಿ, ನೆಂಟರ ಮನೆಯ ಮೂಲೆಯಲ್ಲಿ ದಿನ ದೂಡುತ್ತಿರುತ್ತಾರೆ. ರಟ್ಟು ಹಾಸಿ ಮಲಗಿದ ಫೋಟೊದಲ್ಲಿ ಅವರ ಪಾಡು ಕಾಣುವುದಿಲ್ಲ.

ಆದರೂ ಒಂದು ರಾತ್ರಿ ಕಲಿಸುವುದು ಸುಮ್ನೆ ಹೋಗುವುದಿಲ್ಲ. ಮೈಮೇಲೆ ಎಷ್ಟು ಹೊದ್ದರೂ ಸಾಲದು, ಚಳಿ ಏರುವುದು ನೆಲದಿಂದ ಅಂತ ಮೊದಲ ಗಂಟೆಯಲ್ಲೇ ಗೊತ್ತಾಗುತ್ತದೆ. ಕಾಂಕ್ರೀಟು ಮೈಯ ಶಾಖವನ್ನು ಹೀರುತ್ತಲೇ ಇರುತ್ತದೆ. ಕೆಳಗೆ ಎರಡು ಪದರ ರಟ್ಟು ಹಾಕಿದರೆ ಅದರ ನಡುವಿನ ಗಾಳಿ ಸ್ವಲ್ಪ ತಡೆಯುತ್ತದೆ, ಒದ್ದೆಯಾದರೆ ಅದೂ ಹೋಯಿತು. ಬೀದಿವಾಸಿಯ ರಟ್ಟನ್ನು ಕಸ ಅಂತ ಎತ್ತಿ ಎಸೆದರೆ ಅವನ ಹಾಸಿಗೆಯನ್ನೇ ಎಸೆದಂತೆ. ಇದನ್ನು ಮೈಯಿಂದ ತಿಳಿದ ಹುಡುಗರು ಮುಂದೆ ಅಧಿಕಾರಿಗಳೋ ವಕೀಲರೋ ಆದಾಗ ಅದು ನೆನಪಿರಲಿ ಅನ್ನೋದು ನನ್ನ ಆಸೆ.

ಮಲಗುವುದಕ್ಕಿಂತ ಮುಂದೆ ಹೋದ ವಿದ್ಯಾರ್ಥಿಗಳೂ ಇದ್ದಾರೆ. ಹಾರ್ವರ್ಡ್ ವಿದ್ಯಾರ್ಥಿಗಳು 1983ರಿಂದ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಚಳಿಗಾಲದ ಆಶ್ರಯ ಕೇಂದ್ರ ನಡೆಸಿಕೊಂಡು ಬಂದರು. ಅಲ್ಲೇ ಕೆಲಸ ಮಾಡಿ ಕಲಿತ ಇಬ್ಬರು, 18ರಿಂದ 24 ವಯಸ್ಸಿನವರಿಗೆ ಪ್ರತ್ಯೇಕ ಜಾಗ ಬೇಕೆಂದು 2015ರಲ್ಲಿ ‘ವೈ-ಟು-ವೈ’ ತೆರೆದರು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2016ರಲ್ಲಿ ಮನೆ ಇಲ್ಲದ ಕಾಲೇಜು ವಿದ್ಯಾರ್ಥಿಗಳಿಗಾಗಿಯೇ ಒಂದು ಆಶ್ರಯ ಕೇಂದ್ರ ಶುರುಮಾಡಿದರು.

ಹೌದು, ಮನೆ ಇಲ್ಲದ ವಿದ್ಯಾರ್ಥಿಗಳು. ಅಭಿಯಾನ ಬಹಳ ಕಾಲ ನೋಡದೇ ಹೋದದ್ದು ಇದನ್ನೇ. 2019ರಲ್ಲಿ ಅಮೆರಿಕದ ‘ಹೋಪ್ ಸೆಂಟರ್’ ಎಂಬ ಸಂಶೋಧನಾ ಕೇಂದ್ರ ನಡೆಸಿದ ದೊಡ್ಡ ಸಮೀಕ್ಷೆಯಲ್ಲಿ ಉತ್ತರ ಕೊಟ್ಟ ಕಾಲೇಜು ವಿದ್ಯಾರ್ಥಿಗಳ ಪೈಕಿ ಶೇ 17ರಷ್ಟು ಜನ ಹಿಂದಿನ ಒಂದು ವರ್ಷದಲ್ಲಿ ಮನೆ ಇಲ್ಲದ ಸ್ಥಿತಿ ಕಂಡಿದ್ದರು. ದೇಣಿಗೆಗಾಗಿ ಸ್ಲೀಪಿಂಗ್ ಬ್ಯಾಗು ಬಿಡಿಸುವ ಹುಡುಗನ ಪಕ್ಕದ ಬೆಂಚಿನಲ್ಲೇ, ಯಾರಿಗೂ ಹೇಳದೆ ಕಾರಿನಲ್ಲಿ ಮಲಗಿ ಬಂದವನು ಕೂತಿರಬಹುದು.

ಇತ್ತ ಕಾನೂನಿನ ಗಾಳಿ ಮತ್ತೆ ಬಿರುಸಾಗಿದೆ. ಅಮೆರಿಕದ ಆರೆಗಾನ್ ರಾಜ್ಯದ ಗ್ರ್ಯಾಂಟ್ಸ್ ಪಾಸ್ ಊರಲ್ಲಿ ಸಾರ್ವಜನಿಕ ಜಾಗದಲ್ಲಿ ಕಂಬಳಿ ಹೊದ್ದು ಮಲಗಿದರೂ 295 ಡಾಲರ್ ದಂಡ ಬೀಳುತ್ತಿತ್ತು. ಮತ್ತೆ ಮತ್ತೆ ಸಿಕ್ಕಿಬಿದ್ದರೆ ಜೈಲು. ಹೋಗಲು ಬೇರೆ ಜಾಗವೇ ಇಲ್ಲದಿದ್ದರೂ ಹೀಗೆ ಶಿಕ್ಷಿಸಬಹುದು ಎಂದು 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು 6–3ರಿಂದ ತೀರ್ಪು ಕೊಟ್ಟಿತು. ಇಂಗ್ಲೆಂಡಿನಲ್ಲಿ ಬೀದಿಯಲ್ಲಿ ಮಲಗುವುದನ್ನು ಅಪರಾಧವಾಗಿಸಿದ್ದ 1824ರ ಅಲೆಮಾರಿಗಳ ಕಾಯ್ದೆಯನ್ನು ರದ್ದು ಮಾಡಲು ಪಾರ್ಲಿಮೆಂಟ್ 2022ರಲ್ಲೇ ಒಪ್ಪಿದರೂ ಜಾರಿ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಒಂದೇ ಸ್ಲೀಪಿಂಗ್ ಬ್ಯಾಗು, ಒಂದೇ ರಟ್ಟು. ಅನುಮತಿ ಪತ್ರ ಇದ್ದವನಿಗೆ ಚಪ್ಪಾಳೆ, ಇಲ್ಲದವನಿಗೆ ದಂಡದ ಚೀಟಿ. ಬಯಲಲ್ಲಿ ಮಲಗುವ ವಿದ್ಯಾರ್ಥಿಗಳು ಈ ಅನ್ಯಾಯವನ್ನು ಗಟ್ಟಿಯಾಗಿ ಕೇಳಬೇಕು, ಅಲ್ವಾ?

ಕೆಲವರು ಕೇಳಿದ್ದಾರೆ, ತಮ್ಮ ಕ್ಯಾಂಪಸ್ಸಿನಿಂದಲೇ ಶುರುಮಾಡಿ. ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜುಗಳು ಮನೆ ಇಲ್ಲದ ವಿದ್ಯಾರ್ಥಿಗಳಿಗೆ ತಮ್ಮ ಸ್ನಾನಗೃಹ ಬಳಸಲು ಬಿಡಬೇಕೆಂಬ ಕಾನೂನು 2016ರಲ್ಲಿ ಬಂತು. ಕಾಲೇಜಿನ ಪಾರ್ಕಿಂಗ್ ಜಾಗದಲ್ಲಿ ರಾತ್ರಿ ಕಾರಿನೊಳಗೆ ಮಲಗಲು ಬಿಡಬೇಕೆಂಬ ಮಸೂದೆ 2019ರಲ್ಲಿ ಅರ್ಧಕ್ಕೇ ನಿಂತಿತು. ಎರಡು ವರ್ಷದ ನಂತರ ಲಾಂಗ್ ಬೀಚ್ ಸಿಟಿ ಕಾಲೇಜು ಕಾನೂನಿಗೆ ಕಾಯದೆ ತನ್ನ ಪಾರ್ಕಿಂಗ್ ಕಟ್ಟಡವನ್ನು ರಾತ್ರಿ ಹೊತ್ತು ಅಂಥ ವಿದ್ಯಾರ್ಥಿಗಳಿಗೆ ತೆರೆಯಿತು. ಕಾವಲುಗಾರ, ಶೌಚಾಲಯ, ವೈಫೈ, ಬೆಳಿಗ್ಗೆ ಸ್ನಾನಕ್ಕೆ ವ್ಯವಸ್ಥೆ. ಜೊತೆಗೆ ಬಾಡಿಗೆ ಮನೆ ಹುಡುಕಲು ಕಾಲೇಜಿನ ಸಿಬ್ಬಂದಿಯ ನೆರವು.